ಹೀಟರ್ ಇಲ್ಲದ ಹೈ ಟನೆಲ್‌ನಲ್ಲಿ ಚಳಿಗಾಲದ ಸೊಪ್ಪು ಹೇಗೆ ಬರುತ್ತೆ?

ಪ್ರಶ್ನೆ: ಅಮೆರಿಕದಲ್ಲಿ ಹಿಮ ಬೀಳೋ ಕಡೆ ರೈತರಿಗೆ ಹೈ ಟನೆಲ್ ಬೇಸಾಯ ಕಲಿಸ್ತಾರಂತೆ, ಒಳಗೆ ಹೀಟರ್ ಗೀಟರ್ ಏನೂ ಇರಲ್ವಂತೆ. ಮೈನಸ್ ಚಳಿಗೆ ಗಿಡ ಸತ್ತೋಗಲ್ವಾ?

ಟೊಮೆಟೊ, ಬದನೆ ಇದ್ರೆ ಖಂಡಿತ ಸಾಯುತ್ತೆ. ಪಾಲಕ್, ಕ್ಯಾರೆಟ್, ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು) ಥರದ್ದು ಸಾಯಲ್ಲ, ಆದ್ರೆ ಟೈಮಿಗೆ ಸರಿಯಾಗಿ ಬಿತ್ತಿರಬೇಕು ಅಷ್ಟೇ.

ಹೈ ಟನೆಲ್ ನೋಡೋಕೆ ನಮ್ಮ ಪಾಲಿಹೌಸ್ ಥರಾನೇ, ಕಮಾನು ಪೈಪಿನ ಮೇಲೆ ಪ್ಲಾಸ್ಟಿಕ್ ಶೀಟು, ಆಳು ನಿಂತು ಓಡಾಡೋ ಎತ್ತರ, ಬೆಳೆ ನೇರ ನೆಲದಲ್ಲೇ. ಅಮೆರಿಕದ ಮೇನ್ (Maine) ರಾಜ್ಯದ ಎಲಿಯಟ್ ಕೋಲ್ಮನ್ ಅನ್ನೋ ರೈತರು ಇದರೊಳಗೆ ಗಿಡದ ಮೇಲೆ ಇನ್ನೊಂದು ತೆಳು ಬಟ್ಟೆ ಹೊದಿಸಿ, ಹಗಲು ಮಣ್ಣು ಹೀರಿಕೊಂಡ ಬಿಸಿ ರಾತ್ರಿ ಬೇಗ ಹಾರಿಹೋಗದ ಹಾಗೆ ಮಾಡಿ, ಚಳಿಗಾಲ ಪೂರ್ತಿ ಸೊಪ್ಪು ಕೊಯ್ದು ತೋರಿಸಿದ್ರು. 2009ರ ಕೊನೆಗೆ ಅಮೆರಿಕದ ಕೃಷಿ ಇಲಾಖೆನೂ ಟನೆಲ್ ಹಾಕೋರಿಗೆ ಸಹಾಯಧನದ ಯೋಜನೆ ತಂತು.

ಆದ್ರೆ ದುಡ್ಡು ಕೊಟ್ಟು ಟನೆಲ್ ನಿಲ್ಲಿಸೋದು ಸುಲಭ, ಕಲಿಸೋದೇ ಕಷ್ಟ. ಮೊದಲು ತಲೆಗೆ ಹೋಗ್ಬೇಕಾಗಿದ್ದು ಬೆಳಕಿನ ಲೆಕ್ಕ. ಹಗಲು 10 ಗಂಟೆಗಿಂತ ಕಮ್ಮಿ ಆದ್ರೆ ಗಿಡ ಬೆಳೆಯೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ, ಮೇನ್ ಕಡೆ ಇದು ನವೆಂಬರ್ ಶುರುವಿಂದ ಫೆಬ್ರವರಿ ಶುರುವರೆಗೆ, ಅದಕ್ಕೇ ಬೇಸಿಗೆ ಕೊನೆಗೇ ಬಿತ್ತಿ ಚಳಿ ಬರೋಷ್ಟರಲ್ಲಿ ಬೆಳೆ ಮುಕ್ಕಾಲು ಪಾಲಾದ್ರೂ ಬಂದಿರಬೇಕು, ಆಮೇಲೆ ಟನೆಲ್ ಮಾಡೋದು ಅದನ್ನ ಹಾಳಾಗದ ಹಾಗೆ ಕಾಯೋ ಕೆಲಸ ಮಾತ್ರ. ನವೆಂಬರಲ್ಲಿ ಬೀಜ ಹಾಕಿ ಕ್ರಿಸ್ಮಸ್‌ಗೆ ಕೊಯ್ತೀನಿ ಅಂದ್ರೆ ಆಗೋ ಮಾತಲ್ಲ.

ಬೆಳಿಗ್ಗೆ ಒಳಗೆ ಹೋದ್ರೆ ಪಾಲಕ್ ಎಲೆ ಗಾಜಿನ ಹಾಗೆ ಸೆಟೆದುಕೊಂಡಿರುತ್ತೆ. ಹೊಸಬರು ಅದನ್ನ ನೋಡಿ ಬೆಳೆ ಹೋಯ್ತು ಅಂತ ಗಾಬರಿ ಆಗ್ತಾರೆ. ಮುಟ್ಟಬಾರದು, ಬಿಸಿಲೇರಿ ಎಲೆ ತಾನಾಗೇ ಸಡಿಲ ಆಗೋವರೆಗೆ ಕಾಯಬೇಕು, ಹೆಪ್ಪುಗಟ್ಟಿದ್ದಾಗ ಕಿತ್ರೆ ಮೆತ್ತಗಾಗಿ ಕೊಳೆಯುತ್ತೆ. ಇನ್ನು ಈ ಚಳಿ ತಿಂದ ಕ್ಯಾರೆಟ್ ಇದೆಯಲ್ಲ, ಅದು ಒಳಗೆ ಸಕ್ಕರೆ ಹೆಚ್ಚಿಸಿಕೊಂಡು ಎಷ್ಟು ಸಿಹಿ ಆಗುತ್ತೆ ಅಂದ್ರೆ ಮಕ್ಕಳು ಹಸೀದೇ ತಿಂದು ಮುಗಿಸ್ತಾರೆ.

ಚಳಿಗಿಂತ ಜಾಸ್ತಿ ಬೆಳೆ ಹಾಳಾಗೋದು ಟನೆಲ್ ಮುಚ್ಚೇ ಇಟ್ಟಿದ್ದಕ್ಕೆ ಅನ್ನೋದು ನನ್ನ ಅಭಿಪ್ರಾಯ. ಹೊರಗೆ ಹಿಮ ಇದ್ರೂ ಒಳ್ಳೆ ಬಿಸಿಲಿದ್ರೆ ಒಳಗೆ ಕಾವು ಸರ್ರನೆ ಏರುತ್ತೆ, ತೇವ ಹೊರಗೆ ಹೋಗದೆ ಎಲೆಗೆ ಬೂಸ್ಟು ಹಿಡಿಯುತ್ತೆ, ಪಕ್ಕದ ಶೀಟು ಸುತ್ತಿ ಗಾಳಿ ಆಡಿಸಲೇಬೇಕು.

ಮಳೆನೂ ಒಳಗೆ ಬೀಳಲ್ಲ ಅನ್ನೋದು ನೆನಪಿರಲಿ. ಡ್ರಿಪ್ಪು, ಗೊಬ್ಬರ ಹಾಕ್ತಾ ಹಾಕ್ತಾ ಕೆಲವು ವರ್ಷಕ್ಕೆ ಉಪ್ಪು ಮೇಲೆ ಬಂದು ಕೂರುತ್ತೆ, ಮಣ್ಣಿನ ಮೇಲೆ ಬಿಳಿ ಪುಡಿ ಕಂಡ್ರೆ ಚೆನ್ನಾಗಿ ನೀರು ಹಾಯಿಸಿ ಅದನ್ನ ಕೆಳಗಿಳಿಸಿ, ಇಲ್ಲಾ ಶೀಟು ಬದಲಾಯಿಸೋ ವರ್ಷ ಹಳೇದನ್ನ ಸ್ವಲ್ಪ ಮುಂಚೆನೇ ತೆಗೆದು ಮಳೆಗೆ ಬಿಡಿ.