ಬೆಂಗಳೂರಿನ ನೌಕರಿಯನ್ನು ಮಾಲ್ಟಾದಲ್ಲಿ ಕುಳಿತು ಮಾಡಬಹುದೇ?

ಓದುಗರ ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಈಗ ಮೂರು ವರ್ಷಗಳಿಂದ ಕಚೇರಿಗೆ ಹೋಗುವ ಅಗತ್ಯವೇ ಬಿದ್ದಿಲ್ಲ. ಮನೆಯಲ್ಲಿ ಕುಳಿತು ಮಾಡುತ್ತಿರುವ ಈ ಕೆಲಸವನ್ನೇ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಒಂದು ವರ್ಷ ಇದ್ದು ಮಾಡಬಹುದೇ? ಪ್ರವಾಸಿ ವೀಸಾ ಸಾಕೇ? ತೆರಿಗೆ ಎಲ್ಲಿ ಕಟ್ಟಬೇಕಾಗುತ್ತದೆ?

ಉತ್ತರ: ಮಾಡಬಹುದು, ಆದರೆ ಪ್ರವಾಸಿ ವೀಸಾದಲ್ಲಿ ಅಲ್ಲ. ಹೊರದೇಶದ ಸಂಸ್ಥೆಗೆ ದೂರದಿಂದ ಕೆಲಸ ಮಾಡುವವರಿಗೆಂದೇ ಮಾಲ್ಟಾ ಸರ್ಕಾರವು 2021ರಲ್ಲಿ ನೋಮ್ಯಾಡ್ ರೆಸಿಡೆನ್ಸ್ ಪರ್ಮಿಟ್ ಎಂಬ ಪ್ರತ್ಯೇಕ ಪರವಾನಗಿಯನ್ನು ಆರಂಭಿಸಿದೆ. ಇಷ್ಟು ಹೇಳಿ ಉತ್ತರವನ್ನು ಮುಗಿಸಿಬಿಡಬಹುದಿತ್ತು. ಆದರೆ ಈ ಪ್ರಶ್ನೆಯನ್ನು ಕೇಳುವ ಹೆಚ್ಚಿನವರು ಪರವಾನಗಿಯ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ತಮ್ಮ ಸಂಬಳದ ಮಟ್ಟ, ತಮ್ಮ ಕಂಪನಿಯ ಒಪ್ಪಿಗೆ ಮತ್ತು ಹೊರಡುವ ತಿಂಗಳು, ಈ ಮೂರರ ಬಗ್ಗೆ ಯೋಚಿಸಿರುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಪರವಾನಗಿಯೇ ಈ ಇಡೀ ವ್ಯವಹಾರದಲ್ಲಿ ಸುಲಭವಾದ ಭಾಗ.

ಮೊದಲು ಪ್ರವಾಸಿ ವೀಸಾದ ಮಾತು. ಮಾಲ್ಟಾ 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಸೇರಿತು ಮತ್ತು 2007ರ ಡಿಸೆಂಬರ್‌ನಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ ಹೆಚ್ಚೆಂದರೆ 90 ದಿನ ಇರಲು ಅವಕಾಶವಿದೆ. ಅದೂ ಮಾಲ್ಟಾ ಒಂದಕ್ಕೇ ಸಿಗುವ ತೊಂಬತ್ತಲ್ಲ, ಇಡೀ ವಲಯಕ್ಕೆ ಸೇರಿ ಸಿಗುವ ತೊಂಬತ್ತು. ರಜೆಯ ಮೇಲೆ ಹೋದವರು ಹೋಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ನಾಲ್ಕು ಮೇಲ್‌ಗಳಿಗೆ ಉತ್ತರ ಬರೆದರೆ ಯಾರೂ ಬಂದು ಕೇಳುವುದಿಲ್ಲ ಎಂಬುದು ನಿಜವೇ. ಆದರೆ ಪ್ರವಾಸವೆಂದು ಬರೆದುಕೊಟ್ಟು, ಮನೆ ಹಿಡಿದು, ತಿಂಗಳುಗಟ್ಟಲೆ ನೌಕರಿ ಮಾಡುವುದು ಬೇರೆಯದೇ ಸಂಗತಿ. ಸಿಕ್ಕಿಬಿದ್ದರೆ ಆ ಒಂದು ಪ್ರಯಾಣ ಕೆಡುವುದರ ಜೊತೆಗೆ ಮುಂದೆ ಯುರೋಪಿಗೆ ಹಾಕುವ ಪ್ರತಿಯೊಂದು ವೀಸಾ ಅರ್ಜಿಯೂ ಅನುಮಾನಕ್ಕೆ ಒಳಗಾಗುತ್ತದೆ.

ಪರವಾನಗಿಯನ್ನು ಕೊಡುವುದು ರೆಸಿಡೆನ್ಸಿ ಮಾಲ್ಟಾ ಏಜೆನ್ಸಿ. ಅರ್ಜಿದಾರರು ಯುರೋಪಿಯನ್ ಒಕ್ಕೂಟದ ಹೊರಗಿನ ದೇಶದವರಾಗಿರಬೇಕು. ಮಾಲ್ಟಾದ ಹೊರಗೆ ನೋಂದಣಿಯಾದ ಸಂಸ್ಥೆಯ ನೌಕರರೋ, ಅಂತಹ ಸಂಸ್ಥೆಯ ಪಾಲುದಾರರೋ, ಅಥವಾ ಮುಖ್ಯವಾಗಿ ಹೊರದೇಶದ ಗ್ರಾಹಕರಿಗೆ ಸ್ವತಂತ್ರವಾಗಿ ಕೆಲಸ ಮಾಡಿಕೊಡುವವರೋ ಆಗಿರಬೇಕು. ಬೆಂಗಳೂರಿನ ಕಂಪನಿಯ ನೌಕರಿಯೂ ಇದರಲ್ಲಿ ಸೇರುತ್ತದೆ. ಅರ್ಜಿ ಶುಲ್ಕ ತಲಾ 300 ಯೂರೋ. ಹೆಂಡತಿ ಅಥವಾ ಗಂಡ ಮತ್ತು ಮಕ್ಕಳನ್ನು ಕರೆದೊಯ್ಯುವುದಾದರೆ ಅವರಿಗೂ ಅಷ್ಟೇ. ಹಿನ್ನೆಲೆಯ ತಪಾಸಣೆ ಮುಗಿದು ಅರ್ಜಿಗೆ ತಾತ್ವಿಕ ಒಪ್ಪಿಗೆ ಸಿಕ್ಕ ಮೇಲೆ ಬಾಡಿಗೆ ಕರಾರು ಮತ್ತು ಆರೋಗ್ಯ ವಿಮೆಯ ಕಾಗದಗಳನ್ನು ಒಪ್ಪಿಸಬೇಕು. ಅಲ್ಲಿಗೆ ಪ್ರವೇಶಿಸಲು ವೀಸಾ ಪಡೆದು, ಹೋಗಿ ಬೆರಳಚ್ಚು ಕೊಟ್ಟ ಬಳಿಕ ಕಾರ್ಡ್ ಬರುತ್ತದೆ. ಅವಧಿ ಒಂದು ವರ್ಷ, ನವೀಕರಿಸಿಕೊಳ್ಳುತ್ತಾ ಹೋದರೆ ಒಟ್ಟು ನಾಲ್ಕು ವರ್ಷ. ಯುರೋಪಿಯನ್ ಒಕ್ಕೂಟದ ನಿಯಮದಂತೆ ದೀರ್ಘಾವಧಿ ನಿವಾಸಿಯ ಹಕ್ಕನ್ನು ಕೇಳಲು ಐದು ವರ್ಷಗಳ ವಾಸ ಬೇಕು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ನಾಲ್ಕಕ್ಕೇ ಏಕೆ ನಿಲ್ಲಿಸಿದ್ದಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನಲ್ಲಿ ಖಾಯಂ ಆಗಿ ನೆಲೆಸುವ ಆಸೆಯುಳ್ಳವರಿಗೆ ಇದು ದಾರಿಯಲ್ಲ.

ಇನ್ನು ಸಂಬಳ. ಆರಂಭದಲ್ಲಿ ತಿಂಗಳಿಗೆ 2,700 ಯೂರೋ ಆದಾಯವಿದ್ದರೆ ಸಾಕಿತ್ತು. 2024ರ ಏಪ್ರಿಲ್‌ನಿಂದ ತೆರಿಗೆ ಕಳೆಯುವ ಮುಂಚಿನ ವಾರ್ಷಿಕ ಆದಾಯ 42,000 ಯೂರೋ ಇರಬೇಕೆಂದು ಮಾಡಿದ್ದಾರೆ. ಒಂದು ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ಇದು 42 ಲಕ್ಷ ರೂಪಾಯಿ. ಹನ್ನೊಂದು ವರ್ಷಗಳ ಅನುಭವವಿರುವ ನಿಮಗೆ ಈ ಗೆರೆ ದಾಟಲು ಸಾಧ್ಯವಿರಬಹುದು, ಆದರೆ ಎಚ್ಚರ: ನಮ್ಮಲ್ಲಿ ಒಟ್ಟು ಪ್ಯಾಕೇಜ್ ಎಂದು ಹೇಳುವ ಮೊತ್ತದಲ್ಲಿ ಷೇರು, ಬೋನಸ್, ಕಂಪನಿ ಕಟ್ಟುವ ಭವಿಷ್ಯ ನಿಧಿ, ಗ್ರಾಚ್ಯುಯಿಟಿ ಎಲ್ಲವೂ ಸೇರಿರುತ್ತವೆ, ಅಧಿಕಾರಿಗಳು ನೋಡುವುದು ವೇತನ ಚೀಟಿಯನ್ನು ಮತ್ತು ಬ್ಯಾಂಕಿನ ಲೆಕ್ಕವನ್ನು. ರೂಪಾಯಿಯ ಬೆಲೆ ಒಂದಷ್ಟು ಇಳಿದರೂ ಗೆರೆಯ ಮೇಲಿದ್ದವರು ಕೆಳಗೆ ಬೀಳುತ್ತಾರೆ. ಡಾಲರ್‌ನಲ್ಲೋ ಪೌಂಡ್‌ನಲ್ಲೋ ಸಂಪಾದಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಪರವಾನಗಿ ಇದು ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ಕಂಪನಿಯ ಒಪ್ಪಿಗೆಯು ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ನೀವು ದೂರದಿಂದ ಕೆಲಸ ಮಾಡಬಹುದು ಎಂಬುದಕ್ಕೆ ಅರ್ಜಿಯ ಜೊತೆ ಲಿಖಿತ ಆಧಾರ ಬೇಕು, ಮತ್ತು ಮನೆಯಿಂದ ಕೆಲಸ ಮಾಡಲು ಬಿಟ್ಟ ಮ್ಯಾನೇಜರ್ ಆ ಪತ್ರಕ್ಕೆ ಸಹಿ ಹಾಕುವ ಅಧಿಕಾರ ಇರುವವರೇ ಆಗಿರಬೇಕೆಂದಿಲ್ಲ. ವಿಷಯ ಕಾನೂನು ವಿಭಾಗಕ್ಕೆ ಹೋದ ಕೂಡಲೇ ಎರಡು ಪ್ರಶ್ನೆಗಳು ಏಳುತ್ತವೆ. ನೌಕರರೊಬ್ಬರು ಬೇರೆ ದೇಶದಲ್ಲಿ ಕುಳಿತು ಕಂಪನಿಯ ವ್ಯವಹಾರ ನಡೆಸಿದರೆ ಅಲ್ಲಿ ಕಂಪನಿಗೇ ಶಾಖೆ ಇದೆ ಎಂದು ಆ ದೇಶದ ತೆರಿಗೆಯವರು ವಾದಿಸಬಹುದೇ ಎಂಬುದು ಮೊದಲನೆಯದು. ಗ್ರಾಹಕರ ದತ್ತಾಂಶವನ್ನು ಭಾರತದ ಹೊರಗಿನಿಂದ ತೆರೆಯಬಾರದೆಂದು ಒಪ್ಪಂದದಲ್ಲಿ ಬರೆದಿದೆಯೇ ಎಂಬುದು ಎರಡನೆಯದು. ಬ್ಯಾಂಕ್ ಮತ್ತು ವಿಮಾ ಕಂಪನಿಗಳಿಗೆ ಕೆಲಸ ಮಾಡಿಕೊಡುವ ತಂಡಗಳಲ್ಲಿ ಈ ಎರಡನೆಯ ಪ್ರಶ್ನೆಯಲ್ಲೇ ಎಷ್ಟೋ ಜನರ ಯೋಜನೆ ನಿಂತುಹೋಗುತ್ತದೆ. ಹೇಳದೆ ಕೇಳದೆ ಹೋಗಿ, ಎಲ್ಲಿಂದ ಕೆಲಸ ಮಾಡುತ್ತಿದ್ದೇವೆಂಬುದನ್ನು ಮರೆಮಾಚುವ ವಿಪಿಎನ್ ಹಾಕಿಕೊಂಡು ನಿಭಾಯಿಸುತ್ತೇನೆ ಎಂದು ಹೇಳುವವರೂ ಇದ್ದಾರೆ. ಆ ಸಲಹೆಯನ್ನು ನಾನು ಕೊಡಲಾರೆ.

ತೆರಿಗೆಯ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ತಪ್ಪು ಕಲ್ಪನೆಗಳು ಹೆಚ್ಚಾಗಿರುವುದು ಇಲ್ಲಿಯೇ. ಮಾಲ್ಟಾವು 2023ರಲ್ಲಿ ಮಾಡಿದ ನಿಯಮದ ಪ್ರಕಾರ ಈ ಪರವಾನಗಿ ಇರುವವರು ದೂರದಿಂದ ಮಾಡುವ ಕೆಲಸದ ಆದಾಯದ ಮೇಲೆ ಮೊದಲ ಹನ್ನೆರಡು ತಿಂಗಳು ಅಲ್ಲಿ ತೆರಿಗೆ ಇಲ್ಲ, ಆ ಬಳಿಕ ಶೇಕಡಾ 10. ಇದನ್ನು ಓದಿದವರು ಒಂದು ವರ್ಷ ಎಲ್ಲಿಯೂ ತೆರಿಗೆ ಕಟ್ಟಬೇಕಾಗಿಲ್ಲವೆಂದು ಹಿಗ್ಗುತ್ತಾರೆ. ಭಾರತದ ಲೆಕ್ಕ ಬೇರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ದಿನ ಭಾರತದಲ್ಲಿದ್ದರೆ ನೀವು ಆ ವರ್ಷಕ್ಕೆ ಇಲ್ಲಿನ ನಿವಾಸಿ, ಮತ್ತು ನಿವಾಸಿಯ ಆದಾಯ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಈಗ ಒಬ್ಬರು ಅಕ್ಟೋಬರ್ 1ರಂದು ಹೊರಟು ಮರುವರ್ಷ ಸೆಪ್ಟೆಂಬರ್ 30ಕ್ಕೆ ಹಿಂದಿರುಗುತ್ತಾರೆ ಎಂದಿಟ್ಟುಕೊಳ್ಳಿ. ಹೋಗುವ ಮುಂಚೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 183 ದಿನ ಇಲ್ಲಿದ್ದಂತಾಯಿತು; ಬಂದ ಮೇಲೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕನಿಷ್ಠ 182 ದಿನವಾಯಿತು. ಸರಿಯಾಗಿ ಒಂದು ವರ್ಷ ಹೊರದೇಶದಲ್ಲಿದ್ದು ಬಂದರೂ ಎರಡೂ ವರ್ಷ ಅವರು ಭಾರತದ ನಿವಾಸಿಯೇ. ಕಂಪನಿ ಎಂದಿನಂತೆ ಸಂಬಳದಲ್ಲಿ ತೆರಿಗೆ ಹಿಡಿಯುತ್ತದೆ, ಎಂದಿನಂತೆ ರಿಟರ್ನ್ ಸಲ್ಲಿಸಬೇಕು. ಉಳಿತಾಯ ಸೊನ್ನೆ, ಆದರೆ ಗೊಂದಲವೂ ಕಡಿಮೆ.

ಏಪ್ರಿಲ್ ಮೊದಲ ವಾರದಲ್ಲೇ ಹೊರಟು ಮಾರ್ಚ್ ಕೊನೆಗೆ ಬಂದರೆ ಅನಿವಾಸಿ ಎನ್ನಿಸಿಕೊಳ್ಳಬಹುದೆಂದು ತೋರುತ್ತದೆ. ಅಲ್ಲಿಯೂ ಎರಡು ತೊಡಕುಗಳಿವೆ. ಅನಿವಾಸಿಯ ಆದಾಯವೂ ಮೊದಲು ಕೈಸೇರಿದ್ದು ಭಾರತದಲ್ಲಾದರೆ ಇಲ್ಲಿ ತೆರಿಗೆಗೆ ಬರುತ್ತದೆ; ನಿಮ್ಮ ಸಂಬಳ ಬೀಳುವುದು ಬೆಂಗಳೂರಿನ ಬ್ಯಾಂಕ್ ಖಾತೆಗೆ. ಇದಲ್ಲದೆ, ವಿದೇಶಿ ಮೂಲದ ಆದಾಯವನ್ನು ಬಿಟ್ಟು 15 ಲಕ್ಷ ರೂಪಾಯಿಗಿಂತ ಹೆಚ್ಚು ಸಂಪಾದಿಸುವ, ಬೇರೆ ಯಾವ ದೇಶದಲ್ಲೂ ನಿವಾಸದ ಆಧಾರದಿಂದ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿಯೆಂದೇ ಪರಿಗಣಿಸಬೇಕೆಂಬ ನಿಯಮ 2020ರಲ್ಲಿ ಬಂದಿದೆ. ಮಾಲ್ಟಾ ಮೊದಲ ವರ್ಷ ಕೊಡುವ ವಿನಾಯಿತಿಯೇ ಇಲ್ಲಿ ನಿಮ್ಮ ವಿರುದ್ಧದ ವಾದವಾಗಬಹುದು. ಎರಡೂ ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆ, ಒಂದೇ ಆದಾಯಕ್ಕೆ ಎರಡು ಕಡೆ ಕಟ್ಟುವ ಭಯ ಬೇಡ. ಆದರೆ ಒಂದು ಕಡೆಯಾದರೂ ಕಟ್ಟಬೇಕಾಗುತ್ತದೆ ಎಂದೇ ಲೆಕ್ಕ ಹಾಕಿ ಹೊರಡಿ, ಮತ್ತು ಟಿಕೆಟ್ ಕಾಯ್ದಿರಿಸುವ ಮುಂಚೆ ಲೆಕ್ಕ ಪರಿಶೋಧಕರಿಗೆ ನಿಮ್ಮ ದಿನಾಂಕಗಳನ್ನು ತೋರಿಸಿ.

ನೀವು ಕೇಳದಿದ್ದರೂ ಹೇಳಬೇಕಾದ ಸಂಗತಿ ಗಡಿಯಾರದ್ದು. ಭಾರತದ ಸಮಯವು ಮಾಲ್ಟಾಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದಿರುತ್ತದೆ. ಬೆಂಗಳೂರಿನ ಬೆಳಿಗ್ಗೆ ಒಂಬತ್ತೂವರೆಯ ಮೀಟಿಂಗ್ ಅಲ್ಲಿ ಡಿಸೆಂಬರ್‌ನಲ್ಲಿ ನಸುಕಿನ ಐದು ಗಂಟೆಗೆ, ಜೂನ್‌ನಲ್ಲಿ ಆರು ಗಂಟೆಗೆ. ಹಾಸಿಗೆಯಿಂದ ಎದ್ದು ಕ್ಯಾಮೆರಾ ಮುಂದೆ ಕೂರುವುದು ಕಷ್ಟವೆನ್ನಿಸಬಹುದು, ಆದರೆ ಆರೂವರೆಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಚ್ಚುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಎರಡೋ ಮೂರೋ ಆಗಿರುತ್ತದೆ ಮತ್ತು ಜೂನ್‌ನಲ್ಲಾದರೆ ಇನ್ನೂ ಐದು ಗಂಟೆಗಳ ಬೆಳಕು ಉಳಿದಿರುತ್ತದೆ. ಭಾರತದ ತಂಡದೊಂದಿಗೆ ಕೆಲಸ ಮಾಡುವವರಿಗೆ ಈ ದ್ವೀಪ ಕೊಡುವ ದೊಡ್ಡ ಸೌಕರ್ಯ ಇದು. ನಿಮ್ಮ ಗ್ರಾಹಕರು ನ್ಯೂಯಾರ್ಕ್‌ನವರಾದರೆ ಮಾತು ಬೇರೆ: ಅವರ ಬೆಳಗಿನ ಒಂಬತ್ತು ಗಂಟೆ ಮಾಲ್ಟಾದ ಮಧ್ಯಾಹ್ನ ಮೂರು. ಬೆಳಿಗ್ಗೆ ಭಾರತ, ಸಂಜೆ ಅಮೆರಿಕ ಎರಡನ್ನೂ ಹಿಡಿಯಹೋದರೆ ಸಮುದ್ರ ಕಿಟಕಿಯಲ್ಲೇ ಉಳಿಯುತ್ತದೆ.

ಮನೆಯ ವಿಚಾರದಲ್ಲಿ ಮಾಲ್ಟಾದ ಅಳತೆಯನ್ನು ಮರೆಯಬಾರದು. ಇಡೀ ದೇಶ 316 ಚದರ ಕಿಲೋಮೀಟರ್, ಅಂದರೆ 2025ರವರೆಗೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ವ್ಯಾಪ್ತಿಯ ಅರ್ಧಕ್ಕೂ ಕಡಿಮೆ. ಜನಸಂಖ್ಯೆ 5 ಲಕ್ಷದ ಮೇಲೆ. ಹೊರದೇಶದವರು ಹೆಚ್ಚಾಗಿ ಹುಡುಕುವ ಸ್ಲೀಮಾ ಮತ್ತು ಸೇಂಟ್ ಜೂಲಿಯನ್ಸ್ ಪ್ರದೇಶಗಳಲ್ಲಿ ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ ಸಾವಿರ ಯೂರೋ ತೆರಲು ಸಿದ್ಧರಿರಬೇಕು. 2020ರಿಂದ ಜಾರಿಯಲ್ಲಿರುವ ಕಾನೂನಿನಂತೆ ಬಾಡಿಗೆ ಕರಾರನ್ನು ಅಲ್ಲಿನ ವಸತಿ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು, ಒಂದು ವರ್ಷದ ಕರಾರಿನಲ್ಲಿ ಮೊದಲ ಆರು ತಿಂಗಳು ಬಾಡಿಗೆದಾರರು ಬಿಟ್ಟು ಹೋಗುವಂತಿಲ್ಲ. ಮುಂಗಡ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟೇ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿಗರಿಗೆ ಇದೊಂದು ಸಮಾಧಾನ. ಕರಾರಿಗೆ ಸಹಿ ಹಾಕುವಾಗ ವಿದ್ಯುತ್ ಬಿಲ್‌ನಲ್ಲಿ ಮನೆಯ ನಿವಾಸಿಗಳೆಂದು ನಿಮ್ಮ ಹೆಸರನ್ನು ಸೇರಿಸಲು ಕೇಳಿ, ಏಕೆಂದರೆ ಅಗ್ಗದ ದರ ಎಷ್ಟು ಯೂನಿಟ್‌ಗೆ ಸಿಗುತ್ತದೆ ಎಂಬುದು ದಾಖಲಾದ ಜನರ ಸಂಖ್ಯೆಯ ಮೇಲೆ ನಿಂತಿದೆ.

ಚಿತ್ರಗಳಲ್ಲಿ ಜೇನಿನ ಬಣ್ಣಕ್ಕೆ ಹೊಳೆಯುವ ಸುಣ್ಣಕಲ್ಲಿನ ಮನೆಗಳು ಜನವರಿಯಲ್ಲಿ ಒಳಗೆ ತೇವ ಹಿಡಿದು ಕೊರೆಯುತ್ತವೆ, ಹಳೆಯ ಮನೆಗಳಲ್ಲಿ ಬಿಸಿ ಮಾಡುವ ವ್ಯವಸ್ಥೆ ಅಪರೂಪ, ಗೋಡೆಗೆ ಬೂಷ್ಟು ಬರುತ್ತದೆ. ಆಗುಂಬೆಯ ಕಡೆಯ ಮಳೆಗಾಲ ಕಂಡವರಿಗೆ ಇದು ಹೊಸದಲ್ಲ. ನದಿಯೂ ಕೆರೆಯೂ ಇಲ್ಲದ ದೇಶವಾದ್ದರಿಂದ ನಲ್ಲಿ ನೀರಿನ ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು. ಕುಡಿಯಲು ಹೆಚ್ಚಿನವರು ಬಾಟಲಿಯ ನೀರನ್ನೇ ಕೊಳ್ಳುತ್ತಾರೆ. ಫೈಬರ್ ಇಂಟರ್ನೆಟ್ ಬಹುತೇಕ ಎಲ್ಲೆಡೆ ಇದೆ, ಅದರ ಚಿಂತೆ ಬೇಡ. ವಿದ್ಯುತ್ತಿನ ವಿಷಯದಲ್ಲಿ ಮಾತ್ರ 2023ರ ಜುಲೈ ತಿಂಗಳ ಬಿಸಿಗಾಳಿಯಲ್ಲಿ ನೆಲದಡಿಯ ಕೇಬಲ್‌ಗಳು ಸುಟ್ಟು ಹಲವು ದಿನ ಊರೂರು ಕತ್ತಲೆಯಲ್ಲಿದ್ದವು ಎಂಬುದನ್ನು ನೆನಪಿನಲ್ಲಿಡಬೇಕು. ಬೇಸಿಗೆಯ ಇನ್ನೊಂದು ವಿಶೇಷ, ಊರಿನ ಸಂತರ ಹಬ್ಬಗಳು: ಫೆಸ್ತಾ ಎಂದು ಕರೆಯುವ ಈ ಜಾತ್ರೆಗಳಲ್ಲಿ ಬೆಳಿಗ್ಗೆ ಎಂಟಕ್ಕೇ ಗರ್ನಾಲು ಸಿಡಿಯಲು ಶುರುವಾಗುತ್ತದೆ, ನಿಮ್ಮ ಮೀಟಿಂಗ್ ನಡುವೆಯೇ.

ಭಾಷೆಯ ತೊಂದರೆ ಇಲ್ಲ. ಮಾಲ್ಟೀಸ್ ಜೊತೆಗೆ ಇಂಗ್ಲಿಷ್ ಸಹ ಆಡಳಿತ ಭಾಷೆ, ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಊಟದ ಕಡೆ, ಚೀಸ್ ಅಥವಾ ಬಟಾಣಿ ತುಂಬಿದ ಪಸ್ತಿತ್ಸಿ ನಮ್ಮ ಬೇಕರಿಯ ಪಫ್‌ನ ನೆಂಟನಂತಿದೆ. ಭಾರತದಿಂದ, ವಿಶೇಷವಾಗಿ ಕೇರಳದಿಂದ ಬಂದು ಆಸ್ಪತ್ರೆ ಮತ್ತು ಸಾರಿಗೆ ಕೆಲಸಗಳಲ್ಲಿರುವವರು ಬಹಳ ಇರುವುದರಿಂದ ಅಕ್ಕಿ, ಬೇಳೆ, ಸಾಂಬಾರು ಪುಡಿ ಸಿಗದೆ ಪರದಾಡುವ ಪ್ರಸಂಗ ಬರುವುದಿಲ್ಲ.

ಬೇರೆ ದ್ವೀಪಗಳನ್ನೂ ನೋಡಬಹುದೇ ಎಂದರೆ, ಸೈಪ್ರಸ್ 2021ರಲ್ಲಿ ಇಂಥದ್ದೇ ವೀಸಾ ತಂದು ಒಟ್ಟು ಸಂಖ್ಯೆಯನ್ನು ಮೊದಲು 100ಕ್ಕೆ, ಮರುವರ್ಷ 500ಕ್ಕೆ ಮಿತಿಗೊಳಿಸಿತು. ಕ್ರೀಟ್‌ನಲ್ಲಿರಲು ಗ್ರೀಸ್‌ನ ವೀಸಾ ಬೇಕು, ಅಲ್ಲಿ ತೆರಿಗೆ ಕಳೆದು ಕೈಗೆ ಬರುವ ಆದಾಯವೇ ತಿಂಗಳಿಗೆ 3,500 ಯೂರೋ ಇರಬೇಕು. ಮಯೋರ್ಕಾಗೆ ಸ್ಪೇನ್‌ನ, ಸಿಸಿಲಿಗೆ ಇಟಲಿಯ ನಿಯಮಗಳು. ಈ ಎಲ್ಲ ಕಡೆ ಕಚೇರಿಯ ಕಾಗದಗಳು ಬೇರೆ ಭಾಷೆಯಲ್ಲಿರುತ್ತವೆ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಹೋಗುವವರಿಗೆ ನಾನು ಮಾಲ್ಟಾವನ್ನೇ ಸೂಚಿಸುತ್ತೇನೆ.

ಹೋಗುವುದು ಖಚಿತವಾದರೆ ಪಕ್ಕದ ಗೋಝೋ ದ್ವೀಪವನ್ನೂ ಪರಿಗಣಿಸಿ. ಅದೂ ಅದೇ ದೇಶ, ಅದೇ ಪರವಾನಗಿ. ಬಾಡಿಗೆ ಕಡಿಮೆ, ಗದ್ದಲವೂ ಕಡಿಮೆ, ಶ್ಲೆಂಡಿಯಂತಹ ಕೊಲ್ಲಿಯ ಊರುಗಳಲ್ಲಿ ಚಳಿಗಾಲದಲ್ಲಿ ಅರ್ಧಕ್ಕರ್ಧ ಮನೆಗಳು ಮುಚ್ಚಿರುತ್ತವೆ. ದೊಡ್ಡ ದ್ವೀಪದ ಚಿರ್ಕೆವ್ವಾದಿಂದ ದೋಣಿಯಲ್ಲಿ ಸುಮಾರು 25 ನಿಮಿಷ, ರಾಜಧಾನಿ ವಲೆಟ್ಟಾದಿಂದ ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆ. ಬೆರಳಚ್ಚು, ಕಾರ್ಡ್, ಬ್ಯಾಂಕ್ ಎಂದು ಮೊದಲ ತಿಂಗಳು ಓಡಾಟ ಇರುವುದರಿಂದ ಆ ಅವಧಿಗೆ ಮಾಲ್ಟಾದಲ್ಲೇ ಕೋಣೆ ಹಿಡಿದು, ಗೋಝೋದ ಮನೆಯ ಕರಾರನ್ನು ಅನಂತರದ ತಾರೀಖಿನಿಂದ ಶುರುವಾಗುವಂತೆ ಬರೆಸಿಕೊಳ್ಳಿ. ಈಶಾನ್ಯದಿಂದ ಗ್ರೆಗಾಲೆ ಗಾಳಿ ಜೋರಾಗಿ ಬೀಸುವ ಚಳಿಗಾಲದ ದಿನಗಳಲ್ಲಿ ದೋಣಿ ನಿಲ್ಲುವುದುಂಟು. ಅಂತಹ ತಿಂಗಳಲ್ಲಿ ಊರಿಗೆ ವಿಮಾನ ಹಿಡಿಯುವುದಿದ್ದರೆ ಹಿಂದಿನ ದಿನವೇ ದೊಡ್ಡ ದ್ವೀಪಕ್ಕೆ ಬಂದುಬಿಡುವುದು ಒಳ್ಳೆಯದು.