ಮೆದುಳಿಲ್ಲದ ಪ್ಯಾರಮೀಸಿಯಂ ಹಿಂದೆ ಸರಿಯುವುದು ಹೇಗೆ?

ಪ್ರಶ್ನೆ: ಪ್ಯಾರಮೀಸಿಯಂ ಅಂದರೆ ಒಂದೇ ಒಂದು ಜೀವಕೋಶ. ಕಣ್ಣಿಲ್ಲ, ನರವಿಲ್ಲ, ಮೆದುಳಿಲ್ಲ. ಆದರೂ ಮುಂದೆ ಏನಾದರೂ ಅಡ್ಡ ಸಿಕ್ಕರೆ ಹಿಂದೆ ಸರಿದು ಬೇರೆ ದಾರಿ ಹಿಡಿಯುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಕೆರೆ ನೀರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಗೊತ್ತಾಗುವುದು ಅದರ ಮೈಯ ಪೊರೆಗೆ. ನಮ್ಮ ನರಗಳು ಸುದ್ದಿ ಮುಟ್ಟಿಸುವುದು ವಿದ್ಯುತ್ತಿನಿಂದ ಅಲ್ವಾ? ಅದೇ ಬಗೆಯ ವಿದ್ಯುತ್ತು ಈ ಜೀವಿಯ ಪೊರೆಯಲ್ಲೂ ಇದೆ.

ಮೊದಲು ಅದರ ಈಜು ನೋಡೋಣ. ಪ್ಯಾರಮೀಸಿಯಂ ಚಪ್ಪಲಿಯ ಅಟ್ಟೆಯ ಆಕಾರದ್ದು. ಉದ್ದ ಸುಮಾರು ಕಾಲು ಮಿಲಿಮೀಟರ್. ಮೈತುಂಬಾ ಸಾವಿರಾರು ಸಣ್ಣ ಕೂದಲುಗಳಿವೆ. ಪಠ್ಯಪುಸ್ತಕದಲ್ಲಿ ಇವಕ್ಕೆ ಲೋಮಾಂಗ ಅಂತಾರೆ, ಸೀಲಿಯಾ ಅಂತಲೂ ಅಂತಾರೆ. ಒಂದೊಂದರ ಉದ್ದ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು.

ದೋಣಿಯಲ್ಲಿ ಹುಟ್ಟು ಹಾಕುವವರು ನೀರನ್ನು ಹಿಂದಕ್ಕೆ ತಳ್ಳಿ, ಹುಟ್ಟನ್ನು ನೀರಿನಿಂದ ಮೇಲೆತ್ತಿ ಮುಂದಕ್ಕೆ ತರುತ್ತಾರೆ. ಸೀಲಿಯಾ ಯಾವಾಗಲೂ ನೀರಿನೊಳಗೇ ಇರುತ್ತದೆ, ಮೇಲೆತ್ತುವ ಹಾಗಿಲ್ಲ. ಅದಕ್ಕೇ ತಳ್ಳುವಾಗ ನೆಟ್ಟಗೆ ನಿಲ್ಲುತ್ತದೆ, ವಾಪಸ್ ಬರುವಾಗ ಬಾಗಿ ಮೈಗೆ ಅಂಟಿಕೊಂಡು ಬರುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 20 ಸಲ. ಎಲ್ಲವೂ ಒಟ್ಟಿಗೆ ಬಡಿಯುವುದಿಲ್ಲ, ಒಂದರ ಹಿಂದೆ ಒಂದು ಬಡಿಯುತ್ತವೆ. ಗಾಳಿ ಬೀಸಿದಾಗ ಭತ್ತದ ಪೈರಿನ ಮೇಲೆ ಅಲೆ ಓಡುತ್ತದಲ್ಲ, ಹಾಗೆ ಕಾಣುತ್ತದೆ. ವೇಗ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್. ಕಮ್ಮಿ ಅನಿಸಬಹುದು, ಆದರೆ ಅದು ತನ್ನ ಮೈಯುದ್ದದ ನಾಲ್ಕು ಪಟ್ಟು ದೂರ!

ಇಷ್ಟು ಸಣ್ಣ ಜೀವಿಗೆ ನೀರು ಜೇನುತುಪ್ಪದಷ್ಟು ಮಂದ. ಬಡಿತ ನಿಂತರೆ ಅದೂ ಅಲ್ಲೇ ನಿಲ್ಲುತ್ತದೆ. ಹಿಂದೆ ಹೋಗಬೇಕಾದರೆ ಹಿಂದಕ್ಕೆ ಈಜಲೇಬೇಕು.

ಈಗ ಅದು ಒಂದು ಕಸದ ಎಳೆಗೆ ಡಿಕ್ಕಿ ಹೊಡೆಯಿತು ಅಂದುಕೊಳ್ಳಿ. ಮೂತಿಯ ಕಡೆಯ ಪೊರೆ ಒತ್ತಿಕೊಳ್ಳುತ್ತದೆ, ಅಲ್ಲಿನ ಸಣ್ಣ ಬಾಗಿಲುಗಳು, ಅಂದರೆ ವಿದ್ಯುತ್ ಆವೇಶದ ಕಣಗಳು ಹಾದುಹೋಗುವ ಕಿಂಡಿಗಳು, ತೆರೆಯುತ್ತವೆ. ಪೊರೆಯ ವೋಲ್ಟೇಜ್ ಬದಲಾಗುತ್ತದೆ. ಈ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೈಯೆಲ್ಲ ಹರಡುತ್ತದೆ. ವೋಲ್ಟೇಜ್ ಬದಲಾದರೆ ಮಾತ್ರ ತೆರೆಯುವ ಇನ್ನೊಂದು ಬಗೆಯ ಬಾಗಿಲುಗಳಿವೆ. ಅವು ಇರುವುದು ಸೀಲಿಯಾಗಳ ಮೇಲೆಯೇ. ಹೊರಗಿನ ನೀರಿನಲ್ಲಿ ಕ್ಯಾಲ್ಸಿಯಂ ಒಳಗಿಗಿಂತ ಸಾವಿರಾರು ಪಟ್ಟು ಜಾಸ್ತಿ. ಬಾಗಿಲು ತೆರೆದ ಕೂಡಲೇ ಅದು ಒಳಗೆ ನುಗ್ಗುತ್ತದೆ, ಸೀಲಿಯಾ ಉಲ್ಟಾ ದಿಕ್ಕಿಗೆ ಬಡಿಯಲು ಶುರು ಮಾಡುತ್ತದೆ. ಜೀವಿ ಹಿಂದಕ್ಕೆ ಹೋಗುತ್ತದೆ. ಒಳಬಂದ ಕ್ಯಾಲ್ಸಿಯಂ ಖಾಲಿಯಾಗುತ್ತಿದ್ದಂತೆ ಬಡಿತ ಮೊದಲಿನಂತಾಗುತ್ತದೆ. ಆ ನಡುವಿನ ತಡಬಡದಲ್ಲಿ ಮೂತಿ ಬೇರೆ ಕಡೆ ತಿರುಗಿರುತ್ತದೆ.

ಖಾಲಿ ಜಾಗ ಎಲ್ಲಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಮತ್ತೆ ಡಿಕ್ಕಿಯಾದರೆ ಮತ್ತೆ ಹಿಂದೆ, ಮತ್ತೆ ತಿರುವು. ದಾರಿ ಸಿಗುವವರೆಗೂ ಇದೇ. ಅಮೆರಿಕದ ಜೀವವಿಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಜೆನ್ನಿಂಗ್ಸ್ ಈ ನಡವಳಿಕೆಯನ್ನು 1906ರಲ್ಲೇ ವಿವರವಾಗಿ ಬರೆದಿದ್ದರು. ಹಿಂಭಾಗ ಮುಟ್ಟಿದರೆ ಕತೆ ಬೇರೆ. ಅಲ್ಲಿ ತೆರೆಯುವುದು ಪೊಟ್ಯಾಸಿಯಂ ಬಾಗಿಲು. ಆಗ ಅದು ಇನ್ನೂ ಜೋರಾಗಿ ಮುಂದಕ್ಕೆ ಓಡುತ್ತದೆ.

ಇದೆಲ್ಲ ಸುಮ್ನೆ ಊಹೆಯಲ್ಲ. 1972ರಲ್ಲಿ ಯುಟಾಕಾ ನೈಟೋ ಮತ್ತು ಕನೆಕೋ ಎಂಬ ವಿಜ್ಞಾನಿಗಳು ಪ್ಯಾರಮೀಸಿಯಂನ ಪೊರೆಯನ್ನು ಡಿಟರ್ಜೆಂಟಿನಿಂದ ಹಾಳುಗೆಡವಿದರು. ಜೀವ ಹೋಗಿತ್ತು. ಆದರೆ ಶಕ್ತಿ ಕೊಡುವ ಎಟಿಪಿಯನ್ನು ಮೆಗ್ನೀಸಿಯಂ ಜೊತೆ ಹಾಕಿದಾಗ ಆ ದೇಹ ಮುಂದಕ್ಕೆ ಈಜಿತು! ಕ್ಯಾಲ್ಸಿಯಂ ಹೆಚ್ಚಿಸಿದಾಗ ಹಿಂದಕ್ಕೆ ಈಜಿತು. ಸತ್ತ ದೇಹ ಹೀಗೆ ದಿಕ್ಕು ಬದಲಿಸಿದ್ದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ವಿಜ್ಞಾನಿ ಚಿಂಗ್ ಕುಂಗ್ ಅವರು ಕಂಡುಹಿಡಿದ ಪ್ಯಾರಮೀಸಿಯಂ ತಳಿಯೊಂದರ ಕತೆಯೂ ಇಷ್ಟೇ ಚೆನ್ನ. ಅದರ ಕ್ಯಾಲ್ಸಿಯಂ ಬಾಗಿಲು ಕೆಲಸ ಮಾಡುವುದಿಲ್ಲ, ಹಾಗಾಗಿ ಹಿಂದೆ ಸರಿಯಲು ಬರುವುದೇ ಇಲ್ಲ. ಅದಕ್ಕೆ ಇಟ್ಟ ಹೆಸರು 'ಪಾನ್', ಅಂದರೆ ಚೆಸ್ ಆಟದ ಕಾಲಾಳು. ಕಾಲಾಳು ಹಿಂದೆ ನಡೆಯುವುದಿಲ್ಲವಲ್ಲ!

ಸೀಲಿಯಾ ನಮ್ಮಲ್ಲೂ ಇವೆ. ಶ್ವಾಸನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವುದು ಅವೇ. ಒಳಗಿನ ರಚನೆಯೂ ಒಂದೇ: ಸುತ್ತ ಒಂಬತ್ತು ಜೋಡಿ ನಳಿಕೆ, ನಡುವೆ ಎರಡು. ಕೆಲವರಲ್ಲಿ ಹುಟ್ಟಿನಿಂದಲೇ ಈ ಸೀಲಿಯಾ ಸರಿಯಾಗಿ ಬಡಿಯುವುದಿಲ್ಲ. ಅವರಿಗೆ ಚಿಕ್ಕಂದಿನಿಂದಲೂ ಕೆಮ್ಮು, ಕಫ, ಎದೆಯ ಸೋಂಕು ಬಿಡುವುದಿಲ್ಲ.

ನೀವೇ ನೋಡಬೇಕೆಂದರೆ ಹೀಗೆ ಮಾಡಿ. ಕೆರೆ ನೀರಿಗೆ ಒಂದಷ್ಟು ಒಣ ಭತ್ತದ ಹುಲ್ಲು ಹಾಕಿ, ವಾರ ಕಾಲ ನೆರಳಿನಲ್ಲಿಡಿ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಡಿ. ಹತ್ತಿಯನ್ನು ಬಿಡಿಸಿ ನಾಲ್ಕೈದು ಎಳೆ ಮಾತ್ರ ಹಾಕಿ, ಮೇಲೆ ತೆಳು ಗಾಜು ಮುಚ್ಚಿ. ನೂರು ಪಟ್ಟು ದೊಡ್ಡದು ಮಾಡುವ ಶಾಲೆಯ ಸೂಕ್ಷ್ಮದರ್ಶಕ ಸಾಕು. ಮೊದಲ ಸಲ ಸಿಗದಿದ್ದರೆ ಇನ್ನೊಂದು ಹನಿ ತೆಗೆದುಕೊಳ್ಳಿ. ಸಿಕ್ಕ ಮೇಲೆ ಒಂದನ್ನೇ ಹಿಂಬಾಲಿಸಿ, ಹತ್ತಿಯ ಎಳೆಗೆ ಅದರ ಮೂತಿ ತಗಲುವವರೆಗೆ ಕಾಯಿರಿ.