ರನ್ ಎಷ್ಟು, ಪಾಸ್ ಎಷ್ಟು: ಕಾಲೇಜ್ ಫುಟ್‌ಬಾಲ್ ಲೆಕ್ಕ ಓದುವುದು ಹೇಗೆ

ಅಮೆರಿಕದ ಕಾಲೇಜ್ ಫುಟ್‌ಬಾಲ್ ಹೊಸದಾಗಿ ನೋಡುವವರು ಮೊದಲು ಗೊಂದಲಕ್ಕೆ ಬೀಳುವುದು ಸ್ಕೋರ್ ಶೀಟಿನಲ್ಲಿ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದು ತಂಡ 30 ಸಲ ಚೆಂಡು ಹಿಡಿದು ಓಡಿ 150 ಯಾರ್ಡ್ ಗಳಿಸಿತು ಅಂದುಕೊಳ್ಳಿ. ಇಂಥ ಓಟಕ್ಕೆ ರನ್ ಅಂತಾರೆ. ಅದೇ ಪಂದ್ಯದಲ್ಲಿ ಪಾಸ್ ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕ್ 5 ಸಲ ಸಿಕ್ಕಿಬಿದ್ದು ತಂಡ 40 ಯಾರ್ಡ್ ಕಳೆದುಕೊಂಡಿತು. ಇದಕ್ಕೆ ಸ್ಯಾಕ್ ಅಂತಾರೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಈ 40 ಯಾರ್ಡನ್ನು ತಂಡದ ಪಾಸ್ ಖಾತೆಯಿಂದ ಕಳೆಯುತ್ತಾರೆ. ಕಾಲೇಜಿನಲ್ಲಿ ರನ್ ಖಾತೆಯಿಂದ! ಹಾಗಾಗಿ ಶೀಟಿನಲ್ಲಿ ನಿಮಗೆ ಕಾಣುವುದು 35 ರನ್, 110 ಯಾರ್ಡ್. ಒಂದು ಓಟಕ್ಕೆ 5 ಯಾರ್ಡ್ ಗಳಿಸಿದ ತಂಡ ಕಾಗದದ ಮೇಲೆ 3 ಯಾರ್ಡಿನ ತಂಡವಾಗಿಬಿಡುತ್ತದೆ. ಎಡವಿದ್ದು ಪಾಸ್, ಹೆಸರು ಕೆಟ್ಟಿದ್ದು ರನ್‌ಗೆ.

ಆದ್ದರಿಂದ "ಈ ತಂಡ ಶೇಕಡಾ ಇಷ್ಟು ರನ್ ಆಡುತ್ತದೆ" ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಸ್ಯಾಕ್ ಎಷ್ಟು ಅಂತ ಮೊದಲು ನೋಡಿ.

ಈಗ ಸ್ವಲ್ಪ ಹಿಂದಿನ ಕತೆ. ಮೊದಲು ಮುಂದಕ್ಕೆ ಎಸೆಯುವ ಪಾಸೇ ಇರಲಿಲ್ಲ, ಎಲ್ಲವೂ ಗುಂಪುಗೂಡಿ ನುಗ್ಗುವ ಆಟ. 1905ರಲ್ಲಿ ಆಟಗಾರರ ಸಾವುಗಳು ದೊಡ್ಡ ಗಲಾಟೆಯಾದವು, ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕೂಡ ಮಧ್ಯ ಪ್ರವೇಶಿಸಿದರು. 1906ರಲ್ಲಿ ಪಾಸ್‌ಗೆ ಅನುಮತಿ ಸಿಕ್ಕಿತು. ಆದರೆ ಅಳುಕಿನಿಂದ ಕೊಟ್ಟ ಅನುಮತಿ ಅದು. ಎಸೆದ ಚೆಂಡು ಯಾರ ಕೈಗೂ ತಾಗದೆ ನೆಲಕ್ಕೆ ಬಿದ್ದರೆ ಸೀದಾ ಎದುರಾಳಿಗೆ ಹೋಗುತ್ತಿತ್ತು. ಆ ವರ್ಷ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್ಬರಿ ರಾಬಿನ್ಸನ್ ಎಸೆದ ಮೊದಲ ಪಾಸಿಗೆ ಆದದ್ದೂ ಅದೇ. ಅದೇ ಪಂದ್ಯದಲ್ಲಿ ಮತ್ತೆ ಎಸೆದರು, ಜ್ಯಾಕ್ ಷ್ನೈಡರ್ ಹಿಡಿದರು, ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸುವುದು). ಅಷ್ಟಾದರೂ ತರಬೇತುದಾರರಿಗೆ ಪಾಸ್ ಮೇಲಿನ ಭಯ ಹೋಗಲು ದಶಕಗಳೇ ಬೇಕಾದವು. 1971ರ ಒಕ್ಲಹೋಮ ತಂಡವನ್ನೇ ನೋಡಿ, ವಿಶ್‌ಬೋನ್ ಎಂಬ ರಚನೆಯಲ್ಲಿ ಓಡಿ ಓಡಿಯೇ ಪಂದ್ಯಕ್ಕೆ ಸರಾಸರಿ 472 ಯಾರ್ಡ್ ಗಳಿಸಿದ್ದರು. ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಪಟ್ಟಿಯಲ್ಲೂ ಇದರ ನೆರಳಿದೆ. 1973ರಿಂದ 1983ರವರೆಗೆ ಸತತ 11 ವರ್ಷ ಅದು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಪಾಲು. 2000ದಿಂದ 2024ರವರೆಗಿನ 25 ವರ್ಷಗಳಲ್ಲಿ 20 ಸಲ ಕ್ವಾರ್ಟರ್‌ಬ್ಯಾಕ್‌ಗಳ ಪಾಲು.

ಇದನ್ನು ನೋಡಿ "ಓ, ರನ್ ಸತ್ತಿತು, ಪಾಸ್ ಗೆದ್ದಿತು" ಅಂತ ಬರೆದುಕೊಂಡರೆ ತಪ್ಪಾಗುತ್ತದೆ. ಆ 20 ಜನರಲ್ಲಿ ಟಿಮ್ ಟೀಬೋ, ಕ್ಯಾಮ್ ನ್ಯೂಟನ್, ಲಮಾರ್ ಜ್ಯಾಕ್ಸನ್ ಇದ್ದಾರೆ. ಮೂವರೂ ಕಾಲಿನಿಂದಲೂ ಪಂದ್ಯ ಗೆಲ್ಲಿಸಿದವರು.

ನನ್ನ ಪ್ರಕಾರ ಎಣಿಸಬೇಕಾದದ್ದು ರನ್ನನ್ನೂ ಅಲ್ಲ, ಪಾಸನ್ನೂ ಅಲ್ಲ. ಬಾಕ್ಸ್‌ನಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಬೇಕು. ಬಾಕ್ಸ್ ಅಂದರೆ ಚೆಂಡಿನ ಎದುರಿಗೆ, ಮುಂದಿನ ಸಾಲಿನಲ್ಲಿ ನಿಲ್ಲುವ ಲೈನ್‌ಮನ್‌ಗಳ ಹತ್ತಿರ, ಓಟ ತಡೆಯಲು ಡಿಫೆನ್ಸ್‌ನವರು ನಿಲ್ಲುವ ಜಾಗ. ಎರಡೂ ಕಡೆ 11 ಜನ ಅಲ್ವಾ? ಹಳೆಯ ರನ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಚೆಂಡು ಹಿಡಿದವನು ಓಡುತ್ತಾನೆ. ಎದುರಾಳಿಗಳಿಗೆ ಅಡ್ಡ ನಿಂತು ಅವನಿಗೆ ದಾರಿ ಮಾಡಿಕೊಡಲು ಉಳಿಯುವುದು 9 ಜನ, ತಡೆಯಲು ಬರುವವರು 11. ಓಡುವ ತಂಡ ಶುರುವಿನಲ್ಲೇ ಇಬ್ಬರ ಕೊರತೆಯಲ್ಲಿದೆ.

ಈಗ ಪಾಸ್ ಹಿಡಿಯುವ ನಾಲ್ಕು ಜನ ರಿಸೀವರ್‌ಗಳನ್ನು ಮೈದಾನದ ಅಗಲಕ್ಕೂ ಹರಡಿ. ಅವರನ್ನು ಕಾಯಲು ಡಿಫೆನ್ಸ್‌ನವರೂ ಚದುರಲೇಬೇಕು. ಬಾಕ್ಸ್‌ನಲ್ಲಿ 6 ಜನ ಉಳಿದರು ಅಂದುಕೊಳ್ಳಿ. ನಮ್ಮ ಕಡೆ ಅಡ್ಡ ನಿಲ್ಲುವವರು 5 ಲೈನ್‌ಮನ್‌ಗಳು. ಇನ್ನೂ ಒಬ್ಬರ ಕೊರತೆ. ಇಲ್ಲಿ ಬರುತ್ತದೆ ಝೋನ್ ರೀಡ್. ಅಂಚಿನಲ್ಲಿರುವ ಒಬ್ಬ ಡಿಫೆಂಡರನ್ನು ಬೇಕಂತಲೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಯ ಹತ್ತಿರ ಹಿಡಿದು, ಪೂರ್ತಿ ಬಿಡದೆ, ಆ ಡಿಫೆಂಡರ್ ಭುಜ ಯಾವ ಕಡೆ ತಿರುಗುತ್ತದೆ ಅಂತ ಒಂದು ಕ್ಷಣ ನೋಡುತ್ತಾನೆ. ಅವನು ರನ್ನಿಂಗ್ ಬ್ಯಾಕ್ ಮೇಲೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಕಿತ್ತುಕೊಂಡು ತಾನೇ ಅವನು ಬಿಟ್ಟ ಜಾಗದಲ್ಲಿ ಓಡುತ್ತಾನೆ. ನಿಂತಲ್ಲೇ ಕಾದರೆ ಚೆಂಡು ಬಿಟ್ಟುಕೊಡುತ್ತಾನೆ. ಒಬ್ಬ ಡಿಫೆಂಡರನ್ನು ಮುಟ್ಟದೆಯೇ ಆಟದಿಂದ ಹೊರಗಿಟ್ಟ ಹಾಗಾಯಿತು. ಈಗ 5ಕ್ಕೆ 5. ಲೆಕ್ಕ ಸರಿಹೋಯಿತು! ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಪುಟ್ಟ ಕಾಲೇಜಿನಲ್ಲಿ ರಿಚ್ ರೊಡ್ರಿಗೆಜ್ ಇದನ್ನು ರೂಢಿಸಿದರು. ಅಭ್ಯಾಸದಲ್ಲಿ ಚೆಂಡು ಕೊಡುವಾಗ ಕೈ ತಪ್ಪಿದ ಕ್ವಾರ್ಟರ್‌ಬ್ಯಾಕ್, ಎದುರಿನವನು ರನ್ನಿಂಗ್ ಬ್ಯಾಕ್ ಹಿಂದೆ ಓಡಿದ್ದು ನೋಡಿ ತಾನೇ ಓಡಿದನಂತೆ, ಅಲ್ಲಿಂದ ಹುಟ್ಟಿದ ಯೋಚನೆ ಅಂತ ಹೇಳುತ್ತಾರೆ.

ಇದರ ಮುಂದಿನ ಹೆಜ್ಜೆ ಆರ್‌ಪಿಓ, ಅಂದರೆ ರನ್-ಪಾಸ್ ಆಪ್ಷನ್. ಓಡುವುದೋ ಎಸೆಯುವುದೋ ಅಂತ ಚೆಂಡು ಕೈಗೆ ಬಂದ ಮೇಲೆ ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವ ಒಬ್ಬ ಲೈನ್‌ಬ್ಯಾಕರ್ ಅಥವಾ ಇನ್ನೂ ಹಿಂದೆ ನಿಲ್ಲುವ ಸೇಫ್ಟಿಯನ್ನು ನೋಡಿ ತೀರ್ಮಾನಿಸುವುದು. ಲೈನ್‌ಮನ್‌ಗಳಿಗೆ ಮಾತ್ರ ಇದು ರನ್, ಅವರು ಮುಂದಕ್ಕೆ ನುಗ್ಗುತ್ತಲೇ ಇರುತ್ತಾರೆ. ಪಾಸ್ ಎಸೆಯುವಾಗ ಅವರು ಆಟ ಶುರುವಾದ ಗೆರೆಯಿಂದ ಎಷ್ಟು ದೂರ ಹೋಗಿರಬಹುದು ಅನ್ನುವುದಕ್ಕೆ ಮಿತಿ ಇದೆ: ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್, ಕಾಲೇಜಿನಲ್ಲಿ 3. ಈ ಎರಡು ಯಾರ್ಡಿನ ಸಡಿಲಿಕೆಯಿಂದಲೇ ಕಾಲೇಜಿನಲ್ಲಿ ಆರ್‌ಪಿಓ ಇಷ್ಟು ಜಾಸ್ತಿ. ಕೊನೆಗೆ ಅದೇ ಆಟ (ಪ್ಲೇ, ಅಂದರೆ ಚೆಂಡು ಹೊರಟಾಗಿನಿಂದ ನಿಲ್ಲುವವರೆಗಿನ ಒಂದು ಪ್ರಯತ್ನ) ಶೀಟಿನಲ್ಲಿ ಒಮ್ಮೆ ರನ್, ಒಮ್ಮೆ ಪಾಸ್ ಅಂತ ದಾಖಲಾಗುತ್ತದೆ. ತರಬೇತುದಾರ ಆಡಲು ಹೇಳಿದ್ದು ಮಾತ್ರ ಒಂದೇ ಆಟ.

ಇನ್ನು ಪಾಸ್ ಕಡೆಯ ಕ್ರಾಂತಿ. 1989ರಲ್ಲಿ ಅಯೋವಾ ವೆಸ್ಲಿಯನ್ ಕಾಲೇಜಿನಲ್ಲಿ ಹ್ಯಾಲ್ ಮಮ್ಮಿ ಮತ್ತು ಮೈಕ್ ಲೀಚ್ ಜೊತೆಯಾಗಿ ಬೆಳೆಸಿದ್ದು ಏರ್ ರೇಡ್ ಎಂಬ ಪಾಸ್ ಪ್ರಧಾನ ಆಟದ ಪದ್ಧತಿ. ಕಡಿಮೆ ಆಟಗಳು, ಅವನ್ನೇ ಮತ್ತೆ ಮತ್ತೆ ಅಭ್ಯಾಸ. ಲೀಚ್ ಕೈಕೆಳಗೆ ವಾಷಿಂಗ್ಟನ್ ಸ್ಟೇಟ್‌ನ ಕಾನರ್ ಹ್ಯಾಲಿಡೇ 2014ರಲ್ಲಿ ಒಂದೇ ಪಂದ್ಯದಲ್ಲಿ 734 ಯಾರ್ಡ್ ಪಾಸ್ ಎಸೆದರು. ಆ ಪಂದ್ಯ 60-59ರಲ್ಲಿ ಕೈತಪ್ಪಿತು.

ಬದಲಾವಣೆ ಕಣ್ಣಿಗೆ ಕಾಣಬೇಕಾದರೆ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಮತ್ತು ಅಲಬಾಮಾ ನಡುವಿನ ಎರಡು ಪಂದ್ಯ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಟಸ್ಕಲೂಸಾದ ಒಂದೇ ಮೈದಾನದಲ್ಲಿ. 2011ರಲ್ಲಿ ಎಲ್‌ಎಸ್‌ಯು ಹೆಚ್ಚುವರಿ ಅವಧಿಯಲ್ಲಿ 9-6ರಿಂದ ಗೆದ್ದಿತು, ಒಂದೇ ಒಂದು ಟಚ್‌ಡೌನ್ ಇಲ್ಲ. 2019ರಲ್ಲಿ ಮತ್ತೆ ಎಲ್‌ಎಸ್‌ಯು ಗೆದ್ದಿತು, 46-41! ಆ ವರ್ಷ ಜೋ ಬರೋ 60 ಟಚ್‌ಡೌನ್ ಪಾಸ್ ಎಸೆದು ತಂಡ 15ಕ್ಕೆ 15 ಗೆದ್ದದ್ದು ಎಲ್ಲರಿಗೂ ನೆನಪಿದೆ. ಆದರೆ ಅದೇ ತಂಡದ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ 1,400 ಯಾರ್ಡಿಗಿಂತ ಜಾಸ್ತಿ ಓಡಿದ್ದ. ಪಾಸ್ ಭಯಕ್ಕೆ ಬಾಕ್ಸ್ ಖಾಲಿಯಾದರೆ ರನ್‌ಗೆ ದಾರಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಡಿಫೆನ್ಸ್‌ಗಳೂ ಸುಮ್ನೆ ಕೂರಲಿಲ್ಲ. ದಪ್ಪ ಲೈನ್‌ಬ್ಯಾಕರ್ ಬದಲು ಚುರುಕಾದ ಸೇಫ್ಟಿಗಳನ್ನು ಇಳಿಸಿದರು, ಇಬ್ಬರನ್ನು ಮೂವರನ್ನು ಹಿಂದೆ ದೂರದಲ್ಲಿ ನಿಲ್ಲಿಸಿದರು. ಪಾಸ್ ಕಷ್ಟವಾಯಿತು, ಬಾಕ್ಸ್ ಹಗುರವಾಯಿತು. ಹಗುರವಾದ ಬಾಕ್ಸ್ ಮೇಲೆ ಭಾರದ ತಂಡ ನುಗ್ಗಿದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಮಿಷಿಗನ್ ಇದೆ. ನವೆಂಬರ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ ಅವರು ಕೊನೆಯ 32 ಆಟಗಳನ್ನೂ ಓಟದಲ್ಲೇ ಮುಗಿಸಿ 24-15ರಿಂದ ಗೆದ್ದರು. ಎದುರಾಳಿಯ ಅಂಚಿನ ಆಟಗಾರರು ಕ್ವಾರ್ಟರ್‌ಬ್ಯಾಕ್ ಹಿಡಿಯುವುದರಲ್ಲಿ ಪಳಗಿದವರು. ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ. ನನಗೆ ತುಂಬಾ ಇಷ್ಟವಾದ ಪಂದ್ಯ ಇದು, ಪೂರ್ತಿ ಕುಳಿತು ನೋಡಿ. ಮುಂದೆ 2024ರ ಜನವರಿ 8ರ ಫೈನಲ್‌ನಲ್ಲಿ ಪಾಸ್‌ಗೆ ಹೆಸರಾದ ವಾಷಿಂಗ್ಟನ್ ಎದುರು 303 ಯಾರ್ಡ್ ಓಡಿ 34-13ರಿಂದ ಪ್ರಶಸ್ತಿ ಗೆದ್ದರು.

ಅಭ್ಯಾಸಕ್ಕೆ ಒಂದು ಕೆಲಸ: ಈ ಫೈನಲ್‌ನ ಮೊದಲ ಕ್ವಾರ್ಟರ್ ಹಾಕಿಕೊಳ್ಳಿ. ಅದರಲ್ಲಿ ಡಾನೊವನ್ ಎಡ್ವರ್ಡ್ಸ್ 41 ಮತ್ತು 46 ಯಾರ್ಡಿನ ಎರಡು ಟಚ್‌ಡೌನ್ ಓಟ ಓಡಿದ್ದಾನೆ. ಚೆಂಡು ಹೊರಡುವ ಮುಂಚೆ ವೀಡಿಯೊ ನಿಲ್ಲಿಸಿ, ಬಾಕ್ಸ್‌ನಲ್ಲಿ ಎಷ್ಟು ಜನ ಅಂತ ಬೆರಳಿಟ್ಟು ಎಣಿಸಿ. ಆಮೇಲೆ ಪ್ಲೇ ಒತ್ತಿ.